ಎರಡೂವರೆ ಸುತ್ತು

ಆ ಬೆಳಿಗ್ಗೆ ರೊವೀನಾ ಲಬುಕಾನ್ ನೆಲ ಕೊರೆಯುವ ರಿಗ್ಗಿನ ರಾಡನ್ನು ಒಂದೇ ಒಂದು ಸಲ ಹಗುರವಾಗಿ ತಿರುಗಿಸಿ ನೋಡಿದಳು. ಒತ್ತಡದ ಗೇಜಿನ ಮುಳ್ಳು ಆರುನೂರಕ್ಕೆ ಏರಿ, ಸ್ವಲ್ಪ ನಡುಗಿ, ಅಲ್ಲೇ ನಿಂತಿತು. ಹಿಂದಿನ ಸಂಜೆ ಅದೇ ಕೆಲಸಕ್ಕೆ ನಾನೂರೈವತ್ತು ಸಾಕಾಗಿತ್ತು.

"ಒಳಗೆ ಕೆಸರು ಗಟ್ಟಿಯಾಗ್ತಿದೆ," ಎಂದಳು, ಕ್ಯಾಬಿನ್ನಿನ ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಓರೆಸ್ಟ್ ಬಾಬಿಯುಕ್‌ಗೆ.

ಓರೆಸ್ಟ್ ಆ ತಂಡದ ಮೇಸ್ತ್ರಿ. ಅರವತ್ತು ದಾಟಿದವನು. ಮೂವತ್ತು ವರ್ಷ ರಿಗ್ಗಿನ ಪಕ್ಕ ನಿಂತು ಕಿವಿ ಅರ್ಧ ಹೋಗಿತ್ತು. ಹಾಗಾಗಿ ಅವನು ಪಿಸುಗುಟ್ಟಿದರೂ ಜಗಳಕ್ಕೆ ಬಂದಂತೆ ಕೇಳುತ್ತಿತ್ತು.

"ಎಷ್ಟು ಹೊತ್ತು ತಡೆಯುತ್ತೆ?"

"ಮಧ್ಯಾಹ್ನದ ತನಕ ಹೇಗೋ ನಡೀಬಹುದು. ಆಮೇಲೆ ಹಿಡ್ಕೊಂಡ್ರೆ ಬಿಡಲ್ಲ."

"ಹಂಗಾದ್ರೆ ಊಟದೊಳಗೆ ರೀಮರ್ ಹಾಕಿಸು. ಆಚೆ ದಡದ ನಿನ್ನ ಉಪ್ಪುಮೀನಿಗೆ ಹೇಳು, ಬಾಯಿ ಕಮ್ಮಿ ಮಾಡಿ ಕೈ ಆಡ್ಸು ಅಂತ."

ನಾಲ್ಕು ವಾರದ ಕೆಲಸ ಅದು. ದಕ್ಷಿಣ ದಡದಲ್ಲಿ ಓರೆಯಾಗಿ ನಿಲ್ಲಿಸಿದ ರಿಗ್ಗಿನಿಂದ ರಾಡಿಗೆ ರಾಡು ಜೋಡಿಸುತ್ತ, ಲಿಟಲ್ ಎಲ್ಕ್ ನದಿಯ ತಳಕ್ಕಿಂತಲೂ ಹನ್ನೆರಡು ಮೀಟರ್ ಕೆಳಗೆ ಇಳಿದು, ಐನೂರ ನಲವತ್ತು ಮೀಟರ್ ಸಾಗಿ, ಹಿಂದಿನ ಸಂಜೆ ಬಿಟ್, ಅಂದರೆ ರಾಡಿನ ತುದಿಯ ಕೊರೆಯುವ ತಲೆ, ಉತ್ತರ ದಡದ ಹುಲ್ಲಿನಲ್ಲಿ ಮೂತಿ ತೋರಿಸಿತ್ತು. ಇನ್ನು ಆ ಬಿಟ್ ಬಿಚ್ಚಿ, ಅದರ ಜಾಗದಲ್ಲಿ ರೀಮರ್ ಎಂಬ ಹಲ್ಲುಹಲ್ಲಿನ ದಪ್ಪ ತಲೆಯನ್ನು ಕೂರಿಸಿ, ತಿರುಗಿಸುತ್ತ ಹಿಂದಕ್ಕೆ ಎಳೆದು ರಂಧ್ರವನ್ನು ಅಗಲ ಮಾಡಬೇಕು. ಆಮೇಲೆ ನೀಲಿ ಕೊಳವೆ. ಆ ಕೊಳವೆಯಲ್ಲಿ ಹೋಗುವ ನೀರು ಉತ್ತರ ದಡದ ಕ್ರೀ ಎಂಬ ಮೂಲನಿವಾಸಿ ಜನರ ಊರಿಗೆ. ಹನ್ನೊಂದು ವರ್ಷದಿಂದ ಅಲ್ಲಿನವರು ನಲ್ಲಿ ನೀರನ್ನು ಕುದಿಸದೆ ಬಾಯಿಗೆ ಇಟ್ಟವರಲ್ಲ. ರೊವೀನಾಳ ಚಿಕ್ಕಮ್ಮ ಫಿಲೋಮೆನ್ ಆ ಊರಿನವಳೇ. ರೊವೀನಾ ಈ ಕೆಲಸಕ್ಕೆ ತಾನಾಗಿ ಕೇಳಿಕೊಂಡು ಬಂದದ್ದು ಅದಕ್ಕೇ.

ರಂಧ್ರ ಕುಸಿಯದಿರಲೆಂದು ಒಳಗೆಲ್ಲ ಬೆಂಟೊನೈಟ್ ಎಂಬ ಜೇಡಿಯ ಕೆಸರು ತುಂಬಿರುತ್ತಾರೆ. ಅಲುಗಾಡುತ್ತಿದ್ದರೆ ಅದು ಮಜ್ಜಿಗೆ. ಸುಮ್ಮನೆ ಬಿಟ್ಟರೆ ಹೆಪ್ಪು ಹಾಕಿದ ಮೊಸರಿನಂತೆ ಕೂತುಬಿಡುತ್ತದೆ. ರಾತ್ರಿಯಿಡೀ ಸುಮ್ಮನಿದ್ದ ರಾಡುಗಳು ಈಗ ಅದರೊಳಗೆ ಕೂರುತ್ತಿದ್ದವು.

"ಓರೆಸ್ಟ್, ಆ ಪೆಟ್ಟಿಗೆ ಬಂತಾ?" ಎಂದು ರೊವೀನಾ ಕೇಳಿದಳು.

"ಯಾವ ಪೆಟ್ಟಿಗೆ?"

"ಲಾಕ್ ಪೆಟ್ಟಿಗೆ. ಮೂರು ದಿನದಿಂದ ಕೇಳ್ತಿದೀನಿ."

ಆಚೆ ದಡದಲ್ಲಿ ರಾಡಿಗೆ ಕೈ ಹಾಕುವವನ ಬಳಿ ಇರಬೇಕಾದ ಪೆಟ್ಟಿಗೆ ಅದು. ಅವನು ಅದರ ಕೀಲಿ ತಿರುಗಿಸಿಟ್ಟರೆ ಈಚೆ ದಡದ ರಿಗ್ಗು ಏನು ಮಾಡಿದರೂ ತಿರುಗದು. ಅರ್ಧ ಕಿಲೋಮೀಟರ್ ಆಚೆ, ನದಿ, ಪೊದೆ, ದಿಬ್ಬ ದಾಟಿ ಯಾರ ಕೈ ಉಕ್ಕಿನ ಮೇಲಿದೆಯೆಂದು ರಿಗ್ಗಿನವಳಿಗೆ ಕಾಣುವುದಿಲ್ಲವಲ್ಲ, ಅದಕ್ಕೆ. ಹಿಂದಿನ ಶುಕ್ರವಾರ ಪೆಟ್ಟಿಗೆ ಕೆಸರಿನ ಗುಂಡಿಗೆ ಬಿದ್ದು ರಿಪೇರಿಗೆ ಹೋಗಿತ್ತು.

"ಬರುತ್ತೆ ಬರುತ್ತೆ. ನಾವೆಲ್ಲ ಪೆಟ್ಟಿಗೆ ಇಲ್ದೆ ಹತ್ತು ವರ್ಷ ಕೊರೆದವ್ರು. ರೇಡಿಯೊ ಇದೆ, ಬಾಯಿದೆ, ಕಿವಿ ಇದೆ."

"ನಿಮಗೆ ಕಿವಿ ಎಲ್ಲಿದೆ?"

"ನಿಂಗಿದ್ಯಲ್ಲ ತಾಯಿ, ಸಾಕು."

ರೊವೀನಾ ನಕ್ಕಳು. ಪೆಟ್ಟಿಗೆ ಬರುವ ತನಕ ಕೆಲಸ ನಿಲ್ಲಿಸೋಣ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಆರುನೂರು ತೋರಿಸಿದ ಮುಳ್ಳನ್ನು ನೆನೆದು ಅದನ್ನು ನುಂಗಿಕೊಂಡಳು. ರೇಡಿಯೊ ಎತ್ತಿದಳು.

"ಏ ಉಪ್ಪುಮೀನು, ಎದ್ದಿದೀಯಾ?"

ಆಚೆ ದಡದಿಂದ ಬಂದದ್ದು ವೆಂಡೆಲ್ ಪಿನ್‌ನ ದನಿ. ಅವನು ನ್ಯೂಫೌಂಡ್‌ಲ್ಯಾಂಡ್ ದ್ವೀಪದವನು, ಮೀನುಗಾರರ ಮನೆಯವನು. ಮೀನು ಕಡಿಮೆಯಾದ ಮೇಲೆ ದೇಶದ ಈ ಬದಿಯ ಅಲ್ಬರ್ಟಾಕ್ಕೆ ಬಂದು ಇಪ್ಪತ್ತೈದು ವರ್ಷ ಆಗಿದ್ದರೂ ನಾಲಿಗೆ ಮಾತ್ರ ದ್ವೀಪ ಬಿಟ್ಟು ಬಂದಿರಲಿಲ್ಲ.

"ಎದ್ದೇನವ್ವಾ. ಇಲ್ಲಿ ಚಳಿ ಎಂಥಾದ್ದೈತಿ ಅಂದ್ರ, ಮಾತು ಬಾಯಿಂದ ಹೊರಗ ಬರೂದ್ರಾಗ ಹೆಪ್ಪುಗಟ್ಟಿ ಕೆಳಗ ಬೀಳಾಕತ್ತೈತಿ. ಗಿಲ್ ಆರ್ಸಿ ಆರ್ಸಿ ಬಕೀಟಿನ್ಯಾಗ ಹಾಕಾಕತ್ತಾನ."

"ನಿನ್ನ ಮಾತಾದ್ರೆ ಒಂದು ಬಕೆಟ್ ಸಾಲಲ್ಲ ಬಿಡು. ಕೇಳಿಲ್ಲಿ, ರಾಡು ಹಿಡೀತಿದೆ. ಎಷ್ಟು ಬೇಗ ಬಿಟ್ ತೆಗೀತೀರಿ?"

"ತೆಗೀತೀವಿ, ತೆಗೀತೀವಿ. ನೀ ಮಾತ್ರ ಕೈ ಕಟ್ಕೊಂಡು ಕುಂಡ್ರು. ನಾ ಹೇಳೂ ತನಕ ಲಿವರ್ ಮುಟ್ಟಬ್ಯಾಡ."

"ಮುಟ್ಟಲ್ಲಪ್ಪ."

ಗಿಲ್ ಥೆರೂ ಆಚೆ ದಡದಲ್ಲಿ ಮಣ್ಣು ಅಗೆಯುವ ಎಕ್ಸ್‌ಕವೇಟರ್ ನಡೆಸುವವನು. ಮಿತಭಾಷಿ, ರೇಡಿಯೊದಲ್ಲಿ ಅವನ ದನಿ ಕೇಳುವುದು ದಿನಕ್ಕೆ ಎರಡು ಸಲ ಇದ್ದರೆ ಹೆಚ್ಚು. ಇಬ್ಬರೂ ಸೇರಿ ಬಿಟ್ ಬಿಚ್ಚತೊಡಗಿದರು. ಒಂದು ಪೈಪ್ ರೆಂಚು ರಾಡನ್ನು ಹಿಡಿಯಲು, ಇನ್ನೊಂದು ಬಿಟ್ ತಿರುಗಿಸಲು. ಒಂದೊಂದರ ಹಿಡಿಯೂ ಆಳುದ್ದ.

ಬಿಟ್ ಜಪ್ಪಯ್ಯ ಅಂದರೂ ಅಲುಗಲಿಲ್ಲ. ನಾಲ್ಕು ವಾರ ಬಂಡೆಗೆ ತಲೆ ಹೊಡೆದುಕೊಂಡು ಅದರ ತಿರುಪು ಬೆಸುಗೆ ಹಾಕಿದಂತಾಗಿತ್ತು. ಹತ್ತು ಗಂಟೆಗೆ ವೆಂಡೆಲ್ "ಅಲುಗಾಡವಲ್ದು" ಎಂದ. ಹತ್ತೂ ಮುಕ್ಕಾಲಿಗೆ "ಬೆಂಕಿ ಹಚ್ಚಿ ಕಾಯಿಸಾಕತ್ತೀವಿ" ಎಂದ. ಹನ್ನೊಂದಕ್ಕೆ ಹಿಮಬೆರೆತ ಮಳೆ ಶುರುವಾಯಿತು. ಉತ್ತರ ದಡದ ಮಣ್ಣು ರಸ್ತೆಯಲ್ಲಿ ಯಾವುದೋ ಬೇರೆ ತಂಡ ಜಲ್ಲಿ ಹರಡುತ್ತಿತ್ತು. ಅವರ ಲಾರಿಗಳ ಸದ್ದು ನೀರಿನ ಮೇಲೆ ತೇಲಿ ಬರುತ್ತಿತ್ತು.

ರೊವೀನಾ ಕ್ಯಾಬಿನ್ನಿನಲ್ಲಿ ಕೂತಿದ್ದಳು. ಎದುರಿಗೆ ಮೂರು ಗೇಜು: ಎಡಗಡೆ ರಾಡನ್ನು ತಳ್ಳುವ, ಎಳೆಯುವ ಒತ್ತಡ, ನಡುವೆ ತಿರುಗಿಸುವ ಒತ್ತಡ, ಬಲಗಡೆ ಕೆಸರಿನದು. ಹದಿನಾರು ವರ್ಷದಿಂದ ಅವಳು ದಿನಕ್ಕೆ ಹತ್ತು ಗಂಟೆ ಇಂಥ ಮೂರು ಮುಳ್ಳುಗಳನ್ನು ನೋಡಿಕೊಂಡು ಬದುಕಿದವಳು. ನೆಲದೊಳಗೆ ಏನು ನಡೆಯುತ್ತಿದೆಯೆಂದು ಹೇಳುವವು ಅವು ಮಾತ್ರ. ಜೇಡಿಯಾದರೆ ನಡುವಿನ ಮುಳ್ಳು ಸೋಮಾರಿಯಂತೆ ಏರುತ್ತದೆ, ಜಲ್ಲಿಯಾದರೆ ಚಳಿಗೆ ಹಲ್ಲು ಕಡಿದಂತೆ ನಡುಗುತ್ತದೆ. ಆದರೆ ರಾಡು ತಿರುಗದಿದ್ದರೆ ಮೂರೂ ಸೊನ್ನೆಯಲ್ಲೇ ಇರುತ್ತವೆ. ರಂಧ್ರ ಎಷ್ಟು ಬಿಗಿಯುತ್ತಿದೆಯೆಂದು ತಿಳಿಯುವ ದಾರಿ ಇರಲಿಲ್ಲ. ಸತ್ತ ಮುಳ್ಳುಗಳನ್ನು ನೋಡುತ್ತ ಅವಳು ಎರಡು ಗಂಟೆ ಕೂತಳು. ಆರುನೂರು ಈಗ ಎಂಟುನೂರು ಆಗಿರಬಹುದೆ? ಸಾವಿರ? ರಾಡು ಪೂರ್ತಿ ಹಿಡಿದುಕೊಂಡರೆ ನಾಲ್ಕು ವಾರದ ಕೆಲಸ ನದಿಯಡಿ ಸಮಾಧಿ. ಮತ್ತೆ ಮೊದಲಿನಿಂದ ಕೊರೆಯಲು ಇಡೀ ಚಳಿಗಾಲ ಬೇಕಾದೀತು.

ಹನ್ನೊಂದೂ ಐವತ್ತಕ್ಕೆ ರೇಡಿಯೊ ಗೊರಗೊರ ಎಂದಿತು.

"ಸರಿ, ಎಲ್ಲ ಕ್ಲಿಯರ್. ಬಿಡಿ, ಹೋಗ್ಲಿ."

ರೊವೀನಾ ನೆಟ್ಟಗಾದಳು. ವೆಂಡೆಲ್ ಎಂದೂ ಹಾಗೆ ಹೇಳುವವನಲ್ಲ. "ತಿರುಗ್ಸವ್ವಾ" ಎನ್ನುತ್ತಿದ್ದ, ಅದರ ಹಿಂದೆ ಒಂದು ತಮಾಷೆ ಇರುತ್ತಿತ್ತು. ಗಿಲ್ ಇರಬಹುದೆ? ರೀಮರ್ ಕೂರಿಸಿ ಮುಗಿಯಿತೆ? ಅವಳು ಗುಂಡಿ ಒತ್ತಿದಳು.

"ಕ್ಲಿಯರ್ ಅಂದ್ರಾ?"

ಮಳೆಯ ಗೊರಗೊರದ ನಡುವೆ, "ಕ್ಲಿಯರ್, ಕ್ಲಿಯರ್."

ಕೆಳಗೆ ನಿಂತಿದ್ದ ಓರೆಸ್ಟ್‌ಗೂ ಅವನ ರೇಡಿಯೊದಲ್ಲಿ ಅದು ಕೇಳಿಸಿತ್ತು. ಅವನು ತಲೆಯೆತ್ತಿ, ಬೆರಳನ್ನು ಗಾಳಿಯಲ್ಲಿ ಗಿರ್ರನೆ ತಿರುಗಿಸಿ ತೋರಿಸಿದ: ತಿರುಗ್ಸು.

ಇನ್ನೊಂದು ಸಲ ಕೇಳಬೇಕು ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದು ನಿಜ. ಆದರೆ ಕೈ ಆಗಲೇ ಲಿವರ್ ಮೇಲಿತ್ತು.

ಕೆಸರಿನ ಪಂಪನ್ನು ಮೆಲ್ಲಗೆ ತೆರೆದು, ತಿರುಗಿಸುವ ಲಿವರನ್ನು ಒಂದು ಬೆರಳಷ್ಟು ಮುಂದಕ್ಕೆ ಒತ್ತಿದಳು. ರಾಡಿನ ಮೇಲೆ ಬಳಿದಿದ್ದ ಬಿಳಿ ಪಟ್ಟೆ ಗಾಜಿನಾಚೆ ನಿಧಾನವಾಗಿ ಉರುಳಿತು. ಒಂದು ಸುತ್ತು. ನಡುವಿನ ಮುಳ್ಳು ನಾನೂರು. ಅಷ್ಟು ಉದ್ದದ ಉಕ್ಕು ಹಗ್ಗದಂತೆ ಹೊಸೆದುಕೊಳ್ಳುತ್ತದೆ. ಈ ತುದಿ ಒಂದು ಸುತ್ತು ತಿರುಗಿದರೂ ಆ ತುದಿಗೆ ಸುದ್ದಿ ಮುಟ್ಟಿರುವುದಿಲ್ಲ. ಮುಳ್ಳು ಒಂದು ಹಂತ ಏರಿ, ಆ ತುದಿ ಬಿಡಿಸಿಕೊಂಡಾಗ ತುಸು ಕೆಳಗಿಳಿದು ನಿಲ್ಲುತ್ತದೆ. ಅವಳು ಆ ಇಳಿತಕ್ಕಾಗಿ ಕಾದಳು. ಆರುನೂರು. ಮುಳ್ಳು ಒಮ್ಮೆ ಮೆಲ್ಲಗೆ ಇಳಿದಂತೆ ಮಾಡಿತು, ಮತ್ತೆ ತಟಕ್ಕನೆ ಜಿಗಿಯಿತು. ಎರಡು ಸುತ್ತು. ಎಂಟುನೂರು.

"ಹಿಡ್ಕೊಂಡಿದೆ, ಇನ್ನೊಂಚೂರು ಕೊಡು!" ಎಂದು ಕೆಳಗಿನಿಂದ ಓರೆಸ್ಟ್ ಕೂಗಿದ.

ಅವಳ ಕಣ್ಣು ಬಲಗಡೆಯ ಗೇಜಿಗೆ ಹೋಯಿತು. ಕೆಸರಿನ ಮುಳ್ಳು ಮುನ್ನೂರರಲ್ಲಿ ನಿಂತಿತ್ತು.

ಮುನ್ನೂರು.

ರೀಮರಿನ ತೂತುಗಳು ಹೆಬ್ಬೆರಳು ಗಾತ್ರದವು; ಕೆಸರು ಸಲೀಸಾಗಿ ಹೊರಬೀಳುವುದರಿಂದ ಮುಳ್ಳು ನೂರೈವತ್ತರ ಮೇಲೆ ಹೋಗಬಾರದು. ಮುನ್ನೂರೆಂದರೆ ಸಣ್ಣ ತೂತಿನ ಬಿಟ್. ನಾಲ್ಕು ವಾರ ಅವಳು ನೋಡಿದ್ದು ಅದೇ ಮುನ್ನೂರನ್ನು. ಬಿಟ್ ಇನ್ನೂ ರಾಡಿನ ತುದಿಯಲ್ಲೇ ಇತ್ತು. ಬಿಟ್ ಇದ್ದರೆ ಅದರ ಮೇಲೆ ರೆಂಚು ಇದೆ. ರೆಂಚು ಇದ್ದಲ್ಲಿ ವೆಂಡೆಲ್ ಇದ್ದಾನೆ.

ಲಿವರ್ ನಡುವಿಗೆ ಬಂತು, ಪಂಪು ನಿಂತಿತು. ನಡುವಿನ ಮುಳ್ಳು ಒಂಬೈನೂರೈವತ್ತು. ಬಿಳಿ ಪಟ್ಟೆ ಎರಡೂವರೆ ಸುತ್ತು ತಿರುಗಿ, ತಲೆಕೆಳಗಾಗಿ ನಿಂತಿತ್ತು. ರಿಗ್ಗಿನ ದವಡೆಗಳು ರಾಡನ್ನು ಹಾಗೇ ಕಚ್ಚಿಕೊಂಡಿದ್ದವು.

ಆಮೇಲೆ ರೇಡಿಯೊದಲ್ಲಿ ಗಿಲ್‌ನ ಕಿರುಚಾಟ ಬಂತು. "ನಿಲ್ಸು! ನಿಲ್ಸು! ಅಯ್ಯೋ ದೇವ್ರೇ, ನಿಲ್ಸು!"

"ನಿಲ್ಸಿದೀನಿ. ಗಿಲ್, ನಿಲ್ಸಿದೀನಿ. ಏನಾಯ್ತು?"

"ಸಿಕ್ಕಾಕ್ಕೊಂಡಿದಾನೆ! ಕಾಲು! ರೆಂಚು, ಚೈನಿಗೆ, ಮಧ್ಯ—"

ಆಚೆ ದಡದಲ್ಲಿ ಆಗಿದ್ದು ಇಷ್ಟು. ಎಕ್ಸ್‌ಕವೇಟರಿನ ಎಂಜಿನ್ ಸದ್ದಿನಲ್ಲಿ ಇಬ್ಬರಿಗೂ ರೇಡಿಯೊ ಕೇಳಿಸಿರಲಿಲ್ಲ. ಇದ್ದಕ್ಕಿದ್ದಂತೆ ಬಿಟ್‌ನಿಂದ ಕೆಸರು ಚಿಮ್ಮಿ ವೆಂಡೆಲ್‌ನ ಕಣ್ಣು ಮುಚ್ಚಿತು. ಅವನು ಮುಖ ಒರೆಸಿಕೊಳ್ಳಲು ಹಿಂದೆ ಸರಿಯುವಷ್ಟರಲ್ಲಿ ರಾಡು ತಿರುಗಿ, ಅದನ್ನು ಕಚ್ಚಿದ್ದ ರೆಂಚಿನ ಆಳುದ್ದದ ಹಿಡಿ ಮೇಲೆದ್ದು, ಸುತ್ತಿ ಬಂದು ಅವನ ತೊಡೆಯನ್ನು ಎಕ್ಸ್‌ಕವೇಟರ್ ಓಡುವ ಕಬ್ಬಿಣದ ಚೈನಿಗೆ ಒತ್ತಿ ನಿಂತಿತು. ಒತ್ತಿದ್ದು ನಿಲ್ಲಲಿಲ್ಲ, ಸುತ್ತು ಸುತ್ತಿಗೂ ಬಿಗಿಯಾಯಿತು.

ಓರೆಸ್ಟ್ ಏಣಿ ಹತ್ತಿ ಕ್ಯಾಬಿನ್ನಿಗೆ ನುಗ್ಗಿದ. "ರಿವರ್ಸ್ ಹೊಡಿ! ಪೂರ್ತಿ ರಿವರ್ಸ್!" ಎನ್ನುತ್ತ ಅವಳ ಭುಜದ ಮೇಲಿಂದ ಲಿವರಿಗೆ ಕೈ ಚಾಚಿದ.

"ಕೈ ತೆಗೀರಿ."

"ಏಯ್, ಅವ್ನ ಕಾಲು—"

"ಕೈ ತೆಗೀರಿ ಓರೆಸ್ಟ್! ಎರಡೂವರೆ ಸುತ್ತು ಹೊಸೆದು ಕೂತಿದೆ ಅದು. ಒಂದೇ ಸಲ ಬಿಟ್ರೆ ರೆಂಚು ಆ ಕಡೆಗೆ ಬೀಸುತ್ತೆ. ಗಿಲ್ ಎಲ್ಲಿ ನಿಂತಿದಾನೋ ನಿಮಗೆ ಗೊತ್ತಾ?"

ಓರೆಸ್ಟ್‌ನ ಕೈ ಗಾಳಿಯಲ್ಲೇ ನಿಂತಿತು.

"ಗಿಲ್," ರೊವೀನಾ ರೇಡಿಯೊದಲ್ಲಿ ಎಂದಳು, "ನಿನ್ನ ಯಂತ್ರ ಮುಟ್ಬೇಡ. ಬಕೆಟ್ ಎತ್ಬೇಡ, ಚೈನು ಅಲ್ಲಾಡಿಸ್ಬೇಡ. ರೆಂಚು ಬೀಸೋ ದಾರಿಯಿಂದ ಆಚೆ ನಿಂತ್ಕೊ. ಅವನ ತಲೆಯ ಹಿಂದೆ ಹೋಗು. ಹೋದ್ಯಾ?"

"ಹೂಂ."

"ರೇಡಿಯೊ ಅವನ ಬಾಯಿ ಹತ್ರ ಹಿಡಿ."

ಒಂದಷ್ಟು ಹೊತ್ತು ಏದುಸಿರು ಮಾತ್ರ ಕೇಳಿಸಿತು.

"ವೆಂಡೆಲ್?"

"ಇದ್ದೀನಿ." ದನಿ ತುಂಬ ಹತ್ತಿರದಿಂದ, ತುಂಬ ಸಣ್ಣದಾಗಿ ಬಂತು. "ಎಲುಬು ಮುರದೈತಿ ಅನಸ್ತೈತಿ. ಸಪ್ಪಳ ಕೇಳಿದ್ನಿ."

"ರಕ್ತ?"

"ಪ್ಯಾಂಟಿನ್ಯಾಗ ಬಿಸಿ ಆಗಾಕತ್ತೈತಿ. ಎಷ್ಟಂತ ಗೊತ್ತಿಲ್ಲ."

"ನಾನು ನಿಧಾನಕ್ಕೆ ಹಿಂದಕ್ಕೆ ಬಿಚ್ತೀನಿ. ನಿನಗೆ ಒತ್ತಡ ಕಮ್ಮಿಯಾಗ್ತಾ ಬರಬೇಕು. ಒಂದು ವೇಳೆ ಹೆಚ್ಚಾದ್ರೆ 'ನಿಲ್ಲು' ಅನ್ನು. ಬೇರೆ ಏನೂ ಹೇಳ್ಬೇಡ."

"ಹೂಂ. ಗಡಿಬಿಡಿ ಮಾಡಬ್ಯಾಡವ್ವಾ."

ಅವಳು ಲಿವರನ್ನು ತನ್ನತ್ತ ಕೂದಲೆಳೆಯಷ್ಟು ಎಳೆದಳು. ಬಿಳಿ ಪಟ್ಟೆ ಹಿಂದಕ್ಕೆ ಸರಿಯಿತು. ಒಂಬೈನೂರು. ಎಂಟುನೂರ ನಲವತ್ತು. ಮುಳ್ಳು ಅವಸರಪಟ್ಟಾಗಲೆಲ್ಲ ಬೆರಳನ್ನು ಸಡಿಲಿಸಿ ಅದನ್ನು ತಡೆದಳು. ಅರ್ಧ ಸುತ್ತು. ಕಣ್ಣು ಮಿಟುಕಿಸಿದರೆ ಎಣಿಕೆ ತಪ್ಪೀತು ಎನ್ನಿಸಿ ಪಟ್ಟೆಯನ್ನು ಬಾಯಿಬಿಟ್ಟು ಎಣಿಸಿದಳು. ಒಂದು ಸುತ್ತು. ಆರುನೂರು. ಓರೆಸ್ಟ್ ಅವಳ ಹಿಂದೆ ಉಸಿರು ಕಟ್ಟಿ ನಿಂತಿದ್ದ. ಅವನ ಒದ್ದೆ ಕೋಟಿನಿಂದ ನೀರು ಅವಳ ಕತ್ತಿಗೆ ತೊಟ್ಟಿಕ್ಕುತ್ತಿತ್ತು, ಇಬ್ಬರಿಗೂ ಅದರ ಪರಿವೆ ಇರಲಿಲ್ಲ.

"ಸಡಿಲಾಗಾಕತ್ತೈತಿ," ಎಂದ ವೆಂಡೆಲ್. "ಇಷ್ಟ ಇಷ್ಟ."

ಒಂದೂವರೆ. ಮುನ್ನೂರ ಐವತ್ತು. ನೂರ ಎಂಬತ್ತು. ಎರಡು ಸುತ್ತು ಮುಗಿಯುವ ಹೊತ್ತಿಗೆ ನಡುವಿನ ಮುಳ್ಳು ಸೊನ್ನೆಗೆ ಬಂದು ಮಲಗಿತು.

ಓರೆಸ್ಟ್ ಗಟ್ಟಿಯಾಗಿ ಉಸಿರು ಬಿಟ್ಟ. "ಆಯ್ತು! ಬಿಟ್ಕೊಂಡ್ತು!"

"ವೆಂಡೆಲ್, ಕಾಲು ಬಂತಾ?"

"ಇಲ್ಲ."

"ಒಂಚೂರೂ?"

"ಮೊದ್ಲಿನಷ್ಟು ಇಲ್ಲ. ಆದ್ರ ಹಿಡದೈತಿ. ಸರಿಯಾಗಿ ಹಿಡದೈತಿ."

ರೊವೀನಾ ಗೇಜಿನ ಗಾಜನ್ನು ಬೆರಳಿನಿಂದ ತಟ್ಟಿದಳು. ಸೊನ್ನೆ. ಎರಡೂವರೆ ಕೊಟ್ಟಿದ್ದಳು, ಎರಡು ವಾಪಸು ಬಂದಿತ್ತು. ಉಳಿದ ಅರ್ಧ ಸುತ್ತು ಎಲ್ಲಿ? ನದಿಯ ಕೆಳಗಿತ್ತು. ಹೆಪ್ಪುಗಟ್ಟಿದ ಕೆಸರು ನಡುದಾರಿಯಲ್ಲಿ ರಾಡನ್ನು ಮುಷ್ಟಿಯಲ್ಲಿ ಹಿಡಿದಿತ್ತು. ಮುಷ್ಟಿಯ ಈಚೆಗಿನ ಹೊಸೆತ ಬಿಚ್ಚಿತ್ತು, ಆಚೆಗಿನದು ಹಾಗೇ ಉಳಿದು ಒಬ್ಬ ಮನುಷ್ಯನ ತೊಡೆಯನ್ನು ಒತ್ತುತ್ತಿತ್ತು. ಅವಳ ಮುಳ್ಳಿಗೆ ಅದು ಕಾಣುತ್ತಿರಲಿಲ್ಲ.

"ಇನ್ನರ್ಧ ಸುತ್ತು ಹಿಂದೆ ತಿರುಗ್ಸು ಮತ್ತೆ," ಎಂದ ಓರೆಸ್ಟ್.

"ತಿರುಗ್ಸಿದ್ರೆ ಉಲ್ಟಾ ಹೊಸ್ಕೊಳ್ಳುತ್ತೆ. ಕೆಸರು ಬಿಟ್ಟ ಕೂಡ್ಲೆ ಎರಡೂ ಸೇರಿ ಒಂದೇ ಏಟಿಗೆ ಬೀಸುತ್ತೆ."

"ಮತ್ತೇನ್ ಮಾಡ್ತೀಯ?"

ಅವಳು ಎಳೆಯುವ ಲಿವರನ್ನು ನೋಡಿದಳು. ಮುಷ್ಟಿ ಬಿಡಿಸಬೇಕು. ತಿರುಗಿಸದೆ ಬಿಡಿಸಬೇಕು. ಉದ್ದುದ್ದಕ್ಕೆ ಜಗ್ಗಬೇಕು, ಕೊಂಚವೇ. ಕೆಸರು ಒಮ್ಮೆ ಕದಲಿದರೆ ಮತ್ತೆ ನೀರಾಗುತ್ತದೆ, ಉಳಿದ ಹೊಸೆತ ತಾನಾಗಿ ಈಚೆಗೆ ಹರಿದು ಬರುತ್ತದೆ. ಆದರೆ ರಾಡು ಜಗ್ಗಿದರೆ ಅದನ್ನು ಕಚ್ಚಿದ ರೆಂಚೂ ಜಗ್ಗುತ್ತದೆ.

"ವೆಂಡೆಲ್, ಕೇಳಿಸ್ಕೊ. ಕೆಸರು ರಾಡು ಹಿಡ್ಕೊಂಡಿದೆ. ಎರಡು ಬೆರಳಷ್ಟು ನನ್ನ ಕಡೆ ಎಳೀತೀನಿ. ರೆಂಚು ನಿನ್ನ ಕಾಲ ಮೇಲೆ ಉಜ್ಜುತ್ತೆ. ತುಂಬಾ ನೋವಾಗುತ್ತೆ."

ಏದುಸಿರು.

"ಬ್ಯಾರೆ ದಾರಿ ಇಲ್ಲೇನು?"

"ನನಗೆ ಗೊತ್ತಿರೋದು ಇದೊಂದೇ."

"ಎಳಿ ಹಂಗಾರ."

"ಗಿಲ್, ಅವನ ಬೆಲ್ಟ್ ಹಿಡ್ಕೊ. ರೆಂಚು ಬಿದ್ದ ತಕ್ಷಣ ಎಳ್ಕೊಂಡ್ಬಿಡು, ಹಿಂದೆ ಮುಂದೆ ನೋಡ್ಬೇಡ."

ತಿರುಗಿಸುವ ಲಿವರ್ ಮೇಲೆ ಬಲಗೈಯನ್ನು ಹಗುರವಾಗಿ ಇಟ್ಟುಕೊಂಡು, ದವಡೆ ರಾಡಿನ ಜೊತೆ ತಿರುಗಲು ಬಿಟ್ಟು, ಎಡಗೈಯಿಂದ ಎಳೆಯುವ ಲಿವರ್ ಸರಿಸಿದಳು. ಎಡಗಡೆಯ ಮುಳ್ಳು ಎದ್ದಿತು. ಮುನ್ನೂರು. ಐನೂರು. ರಾಡು ಅಲುಗಲಿಲ್ಲ. ಎಂಟುನೂರು. ರಿಗ್ಗಿನ ಮುಂಭಾಗ ನೆಲಕ್ಕೆ ಕುಸಿದಂತೆ ನರಳಿತು. ರೇಡಿಯೊದಲ್ಲಿ ವೆಂಡೆಲ್ ಕೂಗಲು ಶುರು ಮಾಡಿದ. ಅವನು 'ನಿಲ್ಲು' ಎನ್ನಲಿಲ್ಲ, ಬರೀ ಕೂಗಿದ. ಸಾವಿರ. ಸಾವಿರದ ನೂರು. ಓರೆಸ್ಟ್ ಏನೋ ಪ್ರಾರ್ಥನೆಯನ್ನು ತನ್ನ ಅಜ್ಜಿಯ ಉಕ್ರೇನಿಯನ್ ಭಾಷೆಯಲ್ಲಿ ಗೊಣಗುತ್ತಿದ್ದ. ರೊವೀನಾಳ ಹಲ್ಲು ಕೆಳದುಟಿಯನ್ನು ಕಚ್ಚಿ ಬಾಯಿಗೆ ಉಪ್ಪು ಬಂತು. ಸಾವಿರದ ಇನ್ನೂರು.

ಮುಳ್ಳು ಒಮ್ಮೆಲೇ ಆರುನೂರಕ್ಕೆ ಬಿತ್ತು.

ಮರುಕ್ಷಣ ಬಿಳಿ ಪಟ್ಟೆ ತಾನಾಗಿಯೇ ಹೊರಳಿತು, ಮಲಗಿದ್ದ ಪ್ರಾಣಿ ಮಗ್ಗುಲು ಬದಲಿಸಿದಂತೆ. ಸತ್ತು ಬಿದ್ದಿದ್ದ ನಡುವಿನ ಮುಳ್ಳು ಇನ್ನೂರಕ್ಕೆ ಹಾರಿತು. ಅವಳು ಬಲಗೈಯಿಂದ ಅದನ್ನು ಹಿಡಿದು, ಬಿಟ್ಟು, ಹಿಡಿದು, ಬಿಟ್ಟು ಇಳಿಸಿದಳು. ನೂರೈವತ್ತು. ಎಪ್ಪತ್ತು. ಪಟ್ಟೆ ಬೆಳಿಗ್ಗೆ ಇದ್ದ ಜಾಗಕ್ಕೆ, ನೆತ್ತಿಗೆ ಬಂದು ನಿಂತಿತು. ಸೊನ್ನೆ.

ರೇಡಿಯೊದಲ್ಲಿ ಕಬ್ಬಿಣ ನೆಲಕ್ಕೆ ಬಿದ್ದ ಸದ್ದು. ಆಮೇಲೆ ಗಿಲ್: "ಬಂತು! ಬಂತು, ಈಚೆ ಎಳ್ಕೊಂಡೆ, ಬಂತು!"

ಊರಿನ ದವಾಖಾನೆಯ ನರ್ಸು ಹನ್ನೆರಡು ನಿಮಿಷದಲ್ಲಿ ತಲುಪಿದಳು. ಸೇತುವೆ ನಲವತ್ತು ಕಿಲೋಮೀಟರ್ ದೂರ. ಹಾಗಾಗಿ ಈಚೆ ದಡದವರು ಯಾರೂ ಹೋಗುವಂತಿರಲಿಲ್ಲ. ಒಂದು ಗಂಟೆಯ ಬಳಿಕ ಹೆಲಿಕಾಪ್ಟರು ನದಿಯ ಮೇಲೆ ತಗ್ಗಾಗಿ ಹಾದು ಉತ್ತರ ದಡದ ಹುಲ್ಲಿನಲ್ಲಿ ಇಳಿದು ಮತ್ತೆ ಎದ್ದು ಹೋಯಿತು. ಅಲ್ಲಿಯ ತನಕ ರೊವೀನಾ ಕ್ಯಾಬಿನ್ನಿನಿಂದ ಇಳಿಯಲಿಲ್ಲ. ಎಂಜಿನ್ ಆರಿಸಿದ್ದಳು, ಆದರೆ ಎರಡೂ ಕೈ ಲಿವರುಗಳ ಮೇಲೇ ಇದ್ದವು. ಹೆಲಿಕಾಪ್ಟರಿನ ಸದ್ದು ಅಡಗಿದ ಮೇಲೆ ಇಳಿದು, ಕೆಸರಿನ ತೊಟ್ಟಿಯ ಹಿಂದೆ ಹೋಗಿ ವಾಂತಿ ಮಾಡಿದಳು.

ಓರೆಸ್ಟ್ ನೀರಿನ ಬಾಟಲಿ ತಂದುಕೊಟ್ಟ.

"ಆ ಜಲ್ಲಿ ಲಾರಿಯವ್ರು," ಎಂದ. "ನಮ್ಮ ಚಾನೆಲ್ಲಲ್ಲೇ ಮಾತಾಡ್ತಿದ್ರಂತೆ. ಲಾರಿ ಬಿಡೋಕೆ ಕ್ಲಿಯರ್ ಅಂದಿದಾರೆ. ನಮ್ಮ ತಪ್ಪೇನಿದೆ ಇದ್ರಲ್ಲಿ? ರೇಡಿಯೊ ತಪ್ಪು. ಹಾಗೇ ಬರ್ಸೋಣ."

"ಪೆಟ್ಟಿಗೆ?"

"ಪೆಟ್ಟಿಗೆ ವಿಷ್ಯ ಅವ್ರು ಕೇಳಿದ್ರೆ ತಾನೆ?"

ರೊವೀನಾ ಬಾಯಿ ಮುಕ್ಕಳಿಸಿ ಉಗಿದಳು. "ಕೇಳದಿದ್ರೂ ಹೇಳ್ತೀನಿ ಓರೆಸ್ಟ್. ನಿಮ್ಮದೂ ಹೇಳ್ತೀನಿ, ನಂದೂ ಹೇಳ್ತೀನಿ."

ಮರುದಿನ ಸರಕಾರದ ಸುರಕ್ಷತಾ ಅಧಿಕಾರಿಣಿ ಬಂದಳು. ಟ್ರೇಲರಿನೊಳಗೆ ಹೀಟರಿನ ಪಕ್ಕ ಕೂತು ರೊವೀನಾ ಎಲ್ಲ ಹೇಳಿದಳು: ಮೂರು ದಿನ ಪೆಟ್ಟಿಗೆ ಇರಲಿಲ್ಲ, ಅದು ತನಗೆ ಗೊತ್ತಿತ್ತು, ಆದರೂ ರಿಗ್ಗು ನಡೆಸಿದೆ. ಅಧಿಕಾರಿಣಿ ಬರೆದುಕೊಳ್ಳುತ್ತ, "ರೇಡಿಯೊದಲ್ಲಿ ಬಂದ ದನಿ ನಿಮ್ಮವನದೇ ಅಂದ್ಕೊಂಡ್ರಾ?" ಎಂದು ಕೇಳಿದಳು.

ಹೌದು ಎಂದರೆ ಮುಗಿಯುತ್ತಿತ್ತು. ಅದನ್ನು ಅಲ್ಲವೆನ್ನುವವರು ಈ ಲೋಕದಲ್ಲಿ ಇರಲಿಲ್ಲ.

"ಇಲ್ಲ," ಎಂದಳು ರೊವೀನಾ. "ಅವನದಲ್ಲ ಅಂತ ಅನ್ನಿಸ್ತು. ಹೆಸರು ಹಿಡಿದು ಕೇಳ್ಬೇಕಿತ್ತು. ಕೇಳ್ಲಿಲ್ಲ. ರಾಡು ಹಿಡ್ಕೊಳ್ಳುತ್ತೆ ಅನ್ನೋ ಹೆದರಿಕೆ."

ಅಧಿಕಾರಿಣಿಯ ಪೆನ್ನು ನಿಂತಿತು. ಅವಳು ತಲೆಯೆತ್ತಿ ನೋಡಿ, ಮತ್ತೆ ಬರೆದಳು.

ವಾರ ಕಳೆದು ಅವಳು ಗ್ರಾಂಡ್ ಪ್ರೇರಿಯ ಆಸ್ಪತ್ರೆಗೆ ಹೋದಳು. ವೆಂಡೆಲ್‌ನ ತೊಡೆಯೊಳಗೆ ಉಕ್ಕಿನ ಸರಳು ಹಾಕಿದ್ದರು. ಗಡ್ಡ ಬೆಳೆದಿತ್ತು. ಅವಳು ತಂದ ಹುರಿದ ರೊಟ್ಟಿಯ ಪೊಟ್ಟಣವನ್ನು ಮೂಸಿ ಪಕ್ಕಕ್ಕಿಟ್ಟ.

"ಫಿಲೋಮೆನ್ ಚಿಕ್ಕಮ್ಮ ಮಾಡಿ ಕಳ್ಸಿದ್ಳು," ಎಂದಳು.

"ಚಲೋ ಆತು. ಇಲ್ಲಿ ಕೊಡೂ ಊಟ ಬೆಂಟೊನೈಟ್ ಇದ್ದಂಗ ಐತಿ."

ಇಬ್ಬರೂ ನಕ್ಕರು. ಆಮೇಲೆ ಅವಳು ಅಧಿಕಾರಿಣಿಗೆ ಹೇಳಿದ್ದನ್ನು ಅವನಿಗೂ ಹೇಳಿದಳು. ಅವನು ಕಿಟಕಿಯತ್ತ ತಿರುಗಿ ಕೇಳಿಸಿಕೊಂಡ.

"ನನ್ನ ದನಿ ಅಲ್ಲಂತ ನಿನಗ ಅನಸಿತ್ತು."

"ಅನ್ನಿಸಿತ್ತು."

"ಅದನ್ನ ನೀ ಹೇಳಬಾರದಿತ್ತು ನೋಡ್ವಾ. ಇಷ್ಟು ದಿನಾ ಆ ಲಾರಿಯಾವಂಗ ಬೈಕೋಂತ ಮಲಗಿದ್ನಿ. ಭಾಳ ಸಮಾಧಾನ ಇತ್ತು."

ಅವಳು ತಲೆ ತಗ್ಗಿಸಿ ಕೂತಳು.

"ಬೈ ನನಗೆ," ಎಂದಳು.

"ಬೈತೀನಿ ತಡಿ. ಈಗ ಆಗವಲ್ದು." ಅವಳತ್ತ ತಿರುಗಿ, "ಅರ್ಧ ಸುತ್ತು ಎಲ್ಲಿ ಹೋತು ಅಂತ ಹೆಂಗ ಗೊತ್ತಾತು?" ಎಂದು ಕೇಳಿದ.

ಅವಳು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದಳು. ಅವನು ಕನ್ನಡಕ ಹಾಕಿಕೊಂಡು ನೋಡಿದ. ಎರಡು ಪ್ರಶ್ನೆ ಕೇಳಿದ. ಭೇಟಿಯ ಸಮಯ ಮುಗಿಯಿತೆಂದು ನರ್ಸು ಬರುವ ತನಕ ಅವರು ರಾಡಿನ ಮಾತನ್ನೇ ಆಡಿದರು.

ಕೆಲಸ ಹನ್ನೆರಡು ದಿನ ನಿಂತಿತ್ತು. ಅಷ್ಟರಲ್ಲಿ ರಂಧ್ರ ಮುಚ್ಚಿಹೋಗಿ ಮೂವತ್ತೆರಡು ರಾಡುಗಳು ಒಳಗೇ ಉಳಿದವು. ಅವು ಇನ್ನೂ ಅಲ್ಲೇ ಇವೆ. ಓರೆಸ್ಟ್‌ನನ್ನು ಕಂಪನಿ ಮನೆಗೆ ಕಳಿಸಿತು. ಹೋಗುವ ಮುನ್ನ ಅವನು ರೊವೀನಾಳ ಕೈ ಕುಲುಕಲಿಲ್ಲ, ಬೈಯಲೂ ಇಲ್ಲ. ಅವಳಿಗೆ ಒಂದು ತಿಂಗಳು ರಿಗ್ಗು ಮುಟ್ಟಬಾರದೆಂದು ಆಜ್ಞೆಯಾಯಿತು. ಆ ತಿಂಗಳು ಅವಳು ಚಿಕ್ಕಮ್ಮನ ಮನೆಯಲ್ಲಿದ್ದು ಸೌದೆ ಸೀಳಿದಳು, ನೀರು ಕುದಿಸಿದಳು. ಡಿಸೆಂಬರಿನಲ್ಲಿ ಹೊಸ ಮೇಸ್ತ್ರಿ, ಎರಡು ಲಾಕ್ ಪೆಟ್ಟಿಗೆ, ತಂಡದ್ದೇ ಆದ ಚಾನೆಲ್ಲು ಬಂದವು. ಹಳೆಯ ರಂಧ್ರದಿಂದ ಎಂಟು ಮೀಟರ್ ಪಕ್ಕಕ್ಕೆ ರಿಗ್ಗು ನಿಲ್ಲಿಸಿದರು. ಮೊದಲ ದಿನ ತಿರುಗಿಸುವ ಲಿವರ್ ಮುಟ್ಟಲು ರೊವೀನಾಗೆ ಇಪ್ಪತ್ತು ನಿಮಿಷ ಬೇಕಾಯಿತು. ಯಾರೂ ಅವಸರ ಮಾಡಲಿಲ್ಲ. ಫೆಬ್ರವರಿಯಲ್ಲಿ ಕೊಳವೆ ಆಚೆ ದಡ ಸೇರಿತು.

ವೆಂಡೆಲ್ ಮತ್ತೆ ಕೆಲಸಕ್ಕೆ ಬರಲಿಲ್ಲ. ಮಾರ್ಚ್ ಮೊದಲ ವಾರ ಅವನು ದ್ವೀಪಕ್ಕೆ ಹೊರಟ. ಎಡ್ಮಂಟನ್ ವಿಮಾನ ನಿಲ್ದಾಣದ ತನಕ ಬಿಟ್ಟು ಬರುತ್ತೀಯಾ ಎಂದು ಫೋನಿನಲ್ಲಿ ಅವಳನ್ನೇ ಕೇಳಿದ. ಅವಳು ಪಿಕಪ್ಪಿನ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಅವನು ಕಾಲು ಚಾಚಲು ದಿಂಬು ಇಟ್ಟಳು. ಮೊದಲ ಒಂದು ಗಂಟೆ ಅವನು ಬೈದ. ನಿಜವಾಗಿಯೇ ಬೈದ, ಒಂದೊಂದಾಗಿ, ತಮಾಷೆ ಬೆರೆಸದೆ. ಅವಳು ರಸ್ತೆ ನೋಡುತ್ತ ಎಲ್ಲಕ್ಕೂ "ಹೌದು" ಎಂದಳು. ವೈಟ್‌ಕೋರ್ಟ್ ಬಳಿ ನಿಲ್ಲಿಸಿ ಸೂಪು ಕುಡಿದರು. ಮತ್ತೆ ಹೊರಟ ಮೇಲೆ ಅವನಿಗೆ ಮಾತ್ರೆಯ ಮಂಪರು ಹತ್ತಿ ತಲೆ ಕಿಟಕಿಗೆ ಒರಗಿತು.

ಚಳಿಗೆ ರಸ್ತೆ ಅಲ್ಲಲ್ಲಿ ಉಬ್ಬಿತ್ತು. ಪ್ರತಿ ಉಬ್ಬಿಗೂ ಅವನ ಮುಖ ನಿದ್ದೆಯಲ್ಲೇ ಕಿವುಚಿಕೊಳ್ಳುತ್ತಿತ್ತು. ರೊವೀನಾ ವೇಗ ಇಳಿಸಿದಳು. ಹಿಂದಿನಿಂದ ಮರದ ಲಾರಿಗಳು ಹಾರ್ನು ಹೊಡೆಯುತ್ತ ಅವಳನ್ನು ದಾಟಿ ಹೋದವು. ವಿಮಾನಕ್ಕೆ ಇನ್ನೂ ಐದು ಗಂಟೆ ಇತ್ತು.